ಪದಚ್ಯುತ ಶಿಶು

ಸಾಹಿತ್ಯದ ಪಾಠ ಹೇಳಿಕೊಂಡು ಬಂದವನೊಬ್ಬ ಎಳೆಯ ಮಕ್ಕಳ ಅಪೌಷ್ಟಿಕತೆಯನ್ನು ಕುರಿತು ಮಾತನಾಡಲು ಹೊರಟರೆ, ಇದು ವೈದ್ಯರ ಕೆಲಸವಲ್ಲವೇ ಎಂದು ಕೇಳುಗರಿಗೆ ಅನ್ನಿಸುವುದು ಸಹಜ. ನನ್ನನ್ನು ಈ ವಿಷಯದ ಬಳಿಗೆ ಕರೆತಂದದ್ದು ಒಂದು ಪದ. ಆಫ್ರಿಕ ಖಂಡದ ಪಶ್ಚಿಮ ಕರಾವಳಿಯಲ್ಲಿ, ಇಂದಿನ ಘಾನಾ ದೇಶದ ರಾಜಧಾನಿಯಾದ ಅಕ್ರಾ ಪಟ್ಟಣದ ಸುತ್ತಮುತ್ತ, ಗಾ ಎಂಬ ಭಾಷೆಯನ್ನಾಡುವ ಜನರಿದ್ದಾರೆ. ಅವರ ಮನೆಮಾತಿನಿಂದ ಹೊರಟು ಜಗತ್ತಿನ ವೈದ್ಯಗ್ರಂಥಗಳನ್ನೆಲ್ಲ ಸೇರಿಕೊಂಡ ಪದ ಅದು: ಕ್ವಾಷಿಯೋರ್ಕರ್. ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬರುವ ಒಂದು ರೋಗದ ಹೆಸರು. ಮುಂದಿನ ಕೂಸು ಹುಟ್ಟಿದಾಗ, ತನ್ನ ಸ್ಥಾನದಿಂದ ಇಳಿಸಲ್ಪಟ್ಟ ಹಿಂದಿನ ಕೂಸಿಗೆ ಬರುವ ಬೇನೆ ಎಂಬುದು ಆ ಪದಕ್ಕೆ ಹೇಳಲಾದ ಅರ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪದಚ್ಯುತ ಶಿಶುವಿನ ರೋಗ.

ಪದಚ್ಯುತಿ ಎಂಬ ಮಾತನ್ನು ನಾವು ಅರಸರಿಗೂ ಮಂತ್ರಿಗಳಿಗೂ ಬಳಸುತ್ತೇವೆ. ಆದರೆ ತಾಯಿಯ ಮಡಿಲಿಗಿಂತ ದೊಡ್ಡ ಪದವಿ ಯಾವುದಿದೆ? ಅದನ್ನು ಕಳೆದುಕೊಂಡ ಕೂಸಿಗೆ ಏನಾಗುತ್ತದೆಂಬುದನ್ನು ಗಾ ಹೆಂಗಸರು ಕಣ್ಣಾರೆ ಕಂಡು, ತಾವು ಕಂಡದ್ದನ್ನು ಒಂದು ಹೆಸರಿನಲ್ಲಿ ಕಟ್ಟಿಟ್ಟಿದ್ದರು. ವಿದ್ವಾಂಸರು ಆ ಹೆಸರನ್ನು ಬೇಗ ಸ್ವೀಕರಿಸಿದರು. ಆದರೆ ಅದರ ಅರ್ಥವನ್ನು ಮನಗಾಣಲು ಅವರಿಗೆ ಅರ್ಧ ಶತಮಾನವೇ ಹಿಡಿಯಿತು. ಆ ಅರ್ಧ ಶತಮಾನದ ಕಥೆಯನ್ನು ನಿಮ್ಮ ಮುಂದಿಡುವುದು ನನ್ನ ಉದ್ದೇಶ.

1929ರಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆ ನಾಡಿಗೆ ಬಂದರು. ಆಗ ಅದು ಬ್ರಿಟಿಷರ ವಸಾಹತು, ಹೆಸರು ಗೋಲ್ಡ್ ಕೋಸ್ಟ್. ಆಕೆ 1893ರಲ್ಲಿ ಜಮೈಕಾ ದ್ವೀಪದಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಓದಿದವರು. ಅಕ್ರಾದಲ್ಲಿ ಮಕ್ಕಳ ಚಿಕಿತ್ಸೆಗೆ ನಿಂತ ಆಕೆಯ ಮುಂದೆ ಒಂದೇ ಬಗೆಯ ಮಕ್ಕಳು ಮತ್ತೆ ಮತ್ತೆ ಬಂದರು. ಕೈಕಾಲು ಬಾತಿರುವುದು, ಹೊಟ್ಟೆ ಮುಂದಕ್ಕೆ ಬಂದಿರುವುದು, ಕರಿಯ ಕೂದಲು ಕೆಂಚಗಾಗಿರುವುದು, ಚರ್ಮ ಕಪ್ಪುಗಟ್ಟಿ ಸುಲಿಯುವುದು. ಬಾವಿನ ದೆಸೆಯಿಂದ ಮಗು ಮೈತುಂಬಿಕೊಂಡಂತೆ ಕಾಣುತ್ತದೆ. ಒಳಗೆ ಮಾಂಸವೇ ಇರುವುದಿಲ್ಲ. ಅದು ನಗುವುದಿಲ್ಲ, ಆಡುವುದಿಲ್ಲ, ಬಾಯಿಗಿಟ್ಟ ತುತ್ತನ್ನು ಬೇಡವೆನ್ನುತ್ತದೆ. ವಿಲಿಯಮ್ಸ್ ಮಾಡಿದ ದೊಡ್ಡ ಕೆಲಸವೆಂದರೆ ತಾಯಂದಿರನ್ನು ಕೇಳಿದ್ದು. ಅಲ್ಲಿ ಸಿಕ್ಕಿದ ಉತ್ತರ ಹೆಚ್ಚು ಕಡಿಮೆ ಒಂದೇ. ತಾಯಿ ಮತ್ತೆ ಬಸುರಾದಳು, ಎದೆಹಾಲು ಸಾಲದಾಯಿತು, ಆಮೇಲೆ ಮಗುವಿಗೆ ದೊರೆತದ್ದು ಮುಸುಕಿನ ಜೋಳದ ಗಂಜಿ. 1933ರಲ್ಲಿ ಆಕೆ ಈ ರೋಗವನ್ನು ವರ್ಣಿಸಿ ಒಂದು ಲೇಖನ ಬರೆದರು. 1935ರ ಇನ್ನೊಂದು ಲೇಖನದಲ್ಲಿ ಗಾ ಜನರ ಪದವನ್ನೇ ರೋಗದ ಹೆಸರಾಗಿ ಬಳಸಿದರು. ದೂರದ ಲಂಡನ್ನಿನ ತಜ್ಞರು, ಇದು ಹೊಸದೇನಲ್ಲ, ಜೀವಸತ್ವದ ಕೊರತೆಯಿಂದ ಬರುವ ಪೆಲಾಗ್ರ ಎಂಬ ಹಳೆಯ ರೋಗವೇ ಎಂದು ವಾದಿಸಿದರು. ವಾದ ನಡೆಯುತ್ತಿರುವಾಗಲೇ, 1936ರಲ್ಲಿ, ವಿಲಿಯಮ್ಸ್ ಅವರಿಗೆ ಮಲಯಕ್ಕೆ ವರ್ಗವಾಯಿತು.

ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಆ ಕಾಲದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುತ್ತಿದ್ದ ನಾಡು ಗೋಲ್ಡ್ ಕೋಸ್ಟ್. ಯೂರೋಪಿನ ಮಕ್ಕಳು ತಿನ್ನುವ ಚಾಕೊಲೇಟಿನ ಬೀಜ ಆ ನೆಲದಿಂದ ಹಡಗೇರುತ್ತಿದ್ದಾಗ, ಅದೇ ನೆಲದ ಕೂಸು ಜೋಳದ ಗಂಜಿಯಿಂದ ಬಾತುಕೊಳ್ಳುತ್ತಿತ್ತು. ನೆಲದಲ್ಲಿ ಫಲವತ್ತತೆ ಇತ್ತು, ದುಡಿಯುವ ಕೈಗಳೂ ಇದ್ದವು. ಬೆಳೆದದ್ದು ಯಾರ ಬಾಯಿಗೆ ಸೇರುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಯನ್ನು ಆಗ ಕೇಳಿದವರು ವಿರಳ.

ನಮ್ಮ ಹಿಂದಿನವರು ಇಂಥ ಕೂಸನ್ನು ಕಾಣಲಿಲ್ಲವೇ ಎಂಬ ಕುತೂಹಲದಿಂದ ನಾನು ಹಳೆಯ ವೈದ್ಯಗ್ರಂಥಗಳನ್ನು ತೆರೆದು ನೋಡಿದೆ. ಮಾಧವನಿದಾನದಲ್ಲಿ ಗರ್ಭಿಣಿಯಾದ ತಾಯಿಯ ಹಾಲು ಕುಡಿಯುವ ಮಗುವಿಗೆ ಬರುವ ಒಂದು ರೋಗದ ಪ್ರಸ್ತಾಪವಿದೆ. ಕೆಮ್ಮು, ಅಗ್ನಿಮಾಂದ್ಯ, ಮೈ ಕೃಶವಾಗುವುದು, ಹೊಟ್ಟೆ ದೊಡ್ಡದಾಗುವುದು ಅದರ ಲಕ್ಷಣಗಳು. ಹೆಸರು ಪಾರಿಗರ್ಭಿಕ, ಅದಕ್ಕೆ ಇನ್ನೊಂದು ಹೆಸರು ಪರಿಭವ. ಪರಿಭವವೆಂದರೆ ಸೋಲು, ತಿರಸ್ಕಾರ, ಅವಮಾನ. ಅಕ್ರಾದ ತಾಯಂದಿರ ಮಾತಿಗೂ ಈ ಸಂಸ್ಕೃತ ಪದಕ್ಕೂ ಇರುವ ನಂಟನ್ನು ಕಂಡು ನಾನು ಬೆರಗಾದೆ. ಕಾಶ್ಯಪಸಂಹಿತೆಯಾದರೋ ಮಗು ನಡೆಯಲಾರದಂತೆ ಸೊರಗುವ ಫಕ್ಕ ಎಂಬ ರೋಗವನ್ನು ಹೇಳಿ, ಕಾರಣಭೇದದಿಂದ ಅದನ್ನು ಮೂರಾಗಿ ವಿಂಗಡಿಸುತ್ತದೆ. ಹಾಲಿನ ದೋಷದಿಂದ ಬರುವುದು ಕ್ಷೀರಜ, ತಾಯಿ ಮತ್ತೆ ಗರ್ಭಿಣಿಯಾದುದರಿಂದ ಬರುವುದು ಗರ್ಭಜ, ಬೇರೆ ರೋಗಗಳಿಂದ ಬರುವುದು ವ್ಯಾಧಿಜ. ಗರ್ಭಿಣಿಯ ಹಾಲಿನಲ್ಲೇ ದೋಷವಿದೆಯೆಂಬ ಹಳೆಯ ನಂಬಿಕೆಯನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಹಳೆಯ ಹೆಸರುಗಳನ್ನು ಹೊಸ ರೋಗಗಳಿಗೆ ಅಂಟಿಸಿ ಎಲ್ಲವೂ ನಮ್ಮಲ್ಲಿತ್ತು ಎಂದು ಬೀಗುವ ಚಪಲವೂ ನನಗಿಲ್ಲ. ಆಹಾರ, ತಾಯಿ, ರೋಗ ಎಂಬ ಮೂರನ್ನೂ ಆ ಗ್ರಂಥಕಾರ ಜೊತೆಯಾಗಿ ನೋಡಿದ ಎಂಬುದಷ್ಟೇ ನನಗೆ ಮುಖ್ಯ. ಏಕೆಂದರೆ ನಮ್ಮ ಕಾಲದ ವಿಜ್ಞಾನ ಕೆಲವು ಕಾಲ ಆ ಮೂರರಲ್ಲಿ ಒಂದನ್ನು ಮಾತ್ರ, ಅದರಲ್ಲಿಯೂ ಒಂದು ಅಂಶವನ್ನು ಮಾತ್ರ, ಹಿಡಿದು ನಡೆಯಿತು.

ಆ ಒಂದು ಅಂಶವೇ ಸಸಾರಜನಕ, ಎಂದರೆ ಪ್ರೋಟೀನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಈ ರೋಗವನ್ನು ಕೈಗೆತ್ತಿಕೊಂಡವು. ಬ್ರಾಕ್ ಮತ್ತು ಓತ್ರೆ ಎಂಬ ಇಬ್ಬರು ತಜ್ಞರು ಆಫ್ರಿಕದ ಹಲವು ದೇಶಗಳನ್ನು ಸುತ್ತಿಬಂದು ಬರೆದ ವರದಿ 1952ರಲ್ಲಿ ಪ್ರಕಟವಾಯಿತು. ಮಕ್ಕಳ ಆಹಾರದಲ್ಲಿ ಪ್ರೋಟೀನಿನ ಅಭಾವವೇ ಮೂಲವೆಂಬ ಅಭಿಪ್ರಾಯ ಗಟ್ಟಿಯಾಯಿತು. 1955ರಲ್ಲಿ ಪ್ರೋಟೀನಿಗಾಗಿಯೇ ಒಂದು ಸಲಹಾ ಮಂಡಳಿ ಹುಟ್ಟಿಕೊಂಡಿತು. 1968ರಲ್ಲಿ ವಿಶ್ವಸಂಸ್ಥೆಯ ವರದಿಯೊಂದು ಬರಲಿರುವ ಪ್ರೋಟೀನ್ ಬಿಕ್ಕಟ್ಟಿನ ಬಗ್ಗೆ ಜಗತ್ತನ್ನು ಎಚ್ಚರಿಸಿತು.

ಈ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾತ್ರವಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿ ಅದುವರೆಗೆ ದನಗಳ ಮೇವು, ಹೊಲದ ಗೊಬ್ಬರ. ಅದನ್ನು ಮನುಷ್ಯರು ತಿನ್ನಬಹುದಾದ ಹಿಟ್ಟಾಗಿಸಿ, ಮೂರು ಪಾಲಿಗೆ ಒಂದು ಪಾಲು ಕಡಲೆಹಿಟ್ಟು ಬೆರೆಸಿ, ಜೀವಸತ್ವ ಮತ್ತು ಖನಿಜ ಲವಣಗಳನ್ನು ಸೇರಿಸಿ, ಬಹೂಪಯೋಗಿ ಆಹಾರವೊಂದನ್ನು ಅಲ್ಲಿಯವರು ಸಿದ್ಧಪಡಿಸಿದರು. ಎಮ್ಮೆಯ ಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ಕ್ರಮವನ್ನು ಕಂಡುಹಿಡಿದವರೂ ಅವರೇ. ಬಡ ದೇಶವೊಂದು ತನ್ನಲ್ಲಿದ್ದ ಪದಾರ್ಥಗಳಿಂದಲೇ ತನ್ನ ಮಕ್ಕಳಿಗೆ ಉಣಿಸಲು ಮಾಡಿದ ಈ ಪ್ರಯತ್ನವನ್ನು ಕಿರಿದೆಂದು ಯಾರೂ ಹೇಳಲಾರರು.

ನನ್ನ ಓರಗೆಯವರಿಗೆ ಆ ಯುಗದ ರುಚಿಯೇ ನೆನಪಿರಬೇಕು. 1960ರ ದಶಕದ ಕೊನೆಯಲ್ಲಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ನಮಗೆ, ಮಧ್ಯಾಹ್ನ ವಿದೇಶದ ನೆರವಿನಿಂದ ಬಂದ ಹಳದಿ ರವೆಯ ಉಪ್ಪಿಟ್ಟು, ಹಾಲಿನ ಪುಡಿಯನ್ನು ಕದಡಿದ ಬಿಸಿ ಹಾಲು ಸಿಗುತ್ತಿದ್ದವು. ಆ ಉಪ್ಪಿಟ್ಟಿನ ಜೊತೆಗೆ ನನಗೆ ನೆನಪಾಗುವವಳು ನಮ್ಮ ಕೇರಿಯ ಒಬ್ಬ ಹುಡುಗಿ. ಎಂಟು ವರ್ಷವಿದ್ದೀತು. ಸೊಂಟದ ಮೇಲೆ ಸದಾ ಒಂದು ಎರಡು ವರ್ಷದ ತಮ್ಮ. ಅವನ ಹೊಟ್ಟೆ ಉಡಿದಾರವನ್ನು ಮೀರಿ ಬಂದಿತ್ತು, ಕೂದಲು ಕೆಂಚಗಿತ್ತು. ತಾಯಿಗೆ ಹೊಸ ಬಾಣಂತನ. ಅದು ಮುಗಿಯುವ ಮೊದಲೇ ಅವಳು ಕೂಲಿಗೆ ಹೋಗಬೇಕಾಗಿತ್ತು. ಹುಡುಗಿ ತಮ್ಮನನ್ನು ಹೊತ್ತು ಶಾಲೆಯ ಬೇಲಿಯಾಚೆ ನಿಂತು ನಾವು ತಿನ್ನುವುದನ್ನು ನೋಡುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಕೊಡಲು ಅಪ್ಪಣೆಯಿರಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಅವಳ ಸೊಂಟದ ಮೇಲೆ ಆ ತಮ್ಮ ಇರಲಿಲ್ಲ. ಅಂದು ನನಗೆ ಅದರ ಅರ್ಥ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಊಟ ಶಾಲೆಗೆ ಬಂದಿತ್ತು. ಬದುಕಿ ಉಳಿದು ಆರು ವರ್ಷ ತುಂಬಿದ ನಮಗೆ ದೊರೆಯಿತು. ಅದು ಯಾರಿಗೆ ಮೊದಲು ಬೇಕಾಗಿತ್ತೋ ಆ ಕೂಸು ಬೇಲಿಯಾಚೆ ಇತ್ತು. ಅದನ್ನು ಹೊತ್ತ ಹುಡುಗಿಯೂ ಆ ಹೊರೆಯ ದೆಸೆಯಿಂದಲೇ ಶಾಲೆಯನ್ನೂ ಊಟವನ್ನೂ ಕಳೆದುಕೊಂಡಿದ್ದಳು.

ಪ್ರೋಟೀನೊಂದೇ ಕಾರಣವೆಂಬ ನಂಬಿಕೆಯನ್ನು ಅಲುಗಿಸಿದ ಕೆಲಸದಲ್ಲಿ ಒಂದು ದೊಡ್ಡ ಪಾಲು ಭಾರತದ್ದು. ಮೆಕ್ಯಾರಿಸನ್ ಎಂಬ ವೈದ್ಯರು 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಆರಂಭಿಸಿದ ಸಂಶೋಧನೆ ಬೆಳೆದು, 1950ರ ದಶಕದ ಕೊನೆಗೆ ಹೈದರಾಬಾದಿಗೆ ಸಾಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅಲ್ಲಿ ಸಿ. ಗೋಪಾಲನ್ ಅವರು ಮಕ್ಕಳ ಆಹಾರವನ್ನು ಅಳೆದು ತೂಗಿ ನೋಡಿದರು. ಬಾತುಕೊಂಡ ಮಗುವೂ ಎಲುಬಿನ ಹಂದರವಾಗಿ ಒಣಗಿದ ಮಗುವೂ ಉಣ್ಣುತ್ತಿದ್ದ ಊಟದಲ್ಲಿ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲವೆಂದು 1968ರಲ್ಲಿ ಪ್ರಕಟಿಸಿದರು. ಇಬ್ಬರಿಗೂ ಕೊರತೆಯಾಗಿದ್ದದ್ದು ಒಟ್ಟು ಆಹಾರವೇ. ಒಲೆಗೆ ಸೌದೆಯಿಲ್ಲದಾಗ ಮನೆಯ ತೊಲೆಯನ್ನೇ ಕಡಿದು ಉರಿಸಿದ ಹಾಗೆ, ಹೊಟ್ಟೆಗೆ ಸಾಲದ ದೇಹ ತಿಂದ ಪ್ರೋಟೀನನ್ನೂ ಉರುವಲಾಗಿ ಸುಟ್ಟುಬಿಡುತ್ತದೆ. 1973ರಲ್ಲಿ ಅವರ ತಂಡ ಇನ್ನೊಂದು ಪ್ರಯೋಗದ ಫಲವನ್ನು ಪ್ರಕಟಿಸಿತು. ಹಳ್ಳಿಯ ಎಳೆಯ ಮಕ್ಕಳಿಗೆ ಹದಿನಾಲ್ಕು ತಿಂಗಳ ಕಾಲ ದಿನಕ್ಕೆ ಸುಮಾರು 310 ಕ್ಯಾಲೊರಿಯ, ಆದರೆ ಕೇವಲ 3 ಗ್ರಾಂ ಪ್ರೋಟೀನಿನ ತಿನಿಸನ್ನು ಕೊಡಲಾಗಿತ್ತು. ಗೋಧಿಹಿಟ್ಟು, ಸಕ್ಕರೆ, ಎಣ್ಣೆ ಅದರ ಮುಖ್ಯ ಪದಾರ್ಥಗಳು. ಆ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಬೆಳೆದರು. ಮರುವರ್ಷ ಮೆಕ್‌ಲಾರೆನ್ ಎಂಬ ವಿದ್ವಾಂಸರು ಎರಡು ದಶಕಗಳ ಪ್ರೋಟೀನ್ ಉತ್ಸಾಹವನ್ನು ಮಹಾ ಪ್ರಮಾದವೆಂದು ಕರೆದರು. ಮೈಸೂರಿನ ಶ್ರಮ ಇದರಿಂದ ವ್ಯರ್ಥವಾಯಿತೆನ್ನಲಾಗದು. ಕಡಲೆಕಾಯಿಯಲ್ಲಿ ಪ್ರೋಟೀನಿನೊಂದಿಗೆ ಶಕ್ತಿಯೂ ಉಂಟಷ್ಟೆ. ತಪ್ಪಿದ್ದುದು ಒಂದೇ ಪದಾರ್ಥದಲ್ಲಿ ಇಡೀ ಸಮಸ್ಯೆಯ ಉತ್ತರವಿದೆಯೆಂದು ನಂಬಿದ್ದರಲ್ಲಿ.

ದೊಡ್ಡವರಿಗೆ ಹೇಗೋ ಸಾಲುವಷ್ಟು ಅನ್ನವಿರುವ ಮನೆಯಲ್ಲಿಯೂ ಎರಡು ವರ್ಷದ ಮಗು ಸೊರಗುವುದುಂಟು. ಮಗುವಿನ ಹೊಟ್ಟೆಯ ಅಳತೆಯೇ ಇದಕ್ಕೆ ಕಾರಣ. ಅದಕ್ಕೆ ಹಿಡಿಸುವುದು ಒಂದು ಪುಟ್ಟ ಬಟ್ಟಲಿನಷ್ಟು. ಆ ಬಟ್ಟಲಿನಲ್ಲಿ ತಿಳಿಗಂಜಿಯಿದ್ದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಗಂಜಿಯನ್ನು ಮಂದವಾಗಿಸಿದರೆ ಮಗು ನುಂಗಲಾರದು. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪವಾಗಿ, ಕೂತು ಉಣಿಸುವ ಒಬ್ಬರು ಬೇಕು. ಬೆಳಗ್ಗೆ ಕೂಲಿಗೆ ಹೋಗಿ ಸಂಜೆ ಮರಳುವ ತಾಯಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಹಿಟ್ಟು ಮಾಡಿ ಸರಿ ಕಾಯಿಸುತ್ತಿದ್ದ ನಮ್ಮ ಅಜ್ಜಿಯರ ಕ್ರಮದಲ್ಲಿ ಒಂದು ವಿವೇಕವಿತ್ತು. ಮೊಳಕೆಯ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುವುದಿಲ್ಲ. ಆದುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಬೆರೆಸಬಹುದು. ಪೂರ್ವ ಆಫ್ರಿಕದಲ್ಲಿ ಇದೇ ತತ್ತ್ವದ ಮೇಲೆ ಮೊಳಕೆ ಜೋಳದ ಹಿಟ್ಟನ್ನು ಮಕ್ಕಳ ಗಂಜಿಗೆ ಬಳಸುವ ಪ್ರಯತ್ನಗಳು ನಡೆದಿವೆ. ಆದರೆ ಮೊಳಕೆ ಕಟ್ಟುವುದಕ್ಕೂ ಬಿಡುವು ಬೇಕು, ಮನೆಯಲ್ಲಿ ಒಬ್ಬ ಅಜ್ಜಿ ಬೇಕು.

ಇನ್ನು ವ್ಯಾಧಿಯ ಮಾತು. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ ಸಾಂತಾ ಮರಿಯಾ ಕೌಕೆ ಎಂಬುದೊಂದು ಹಳ್ಳಿ. 1960ರ ದಶಕದಲ್ಲಿ ಲಿಯೊನಾರ್ಡೊ ಮಾತಾ ಎಂಬ ವಿಜ್ಞಾನಿ ಅಲ್ಲಿ ಹುಟ್ಟಿದ ಮಕ್ಕಳನ್ನು ಹುಟ್ಟಿದಂದಿನಿಂದಲೇ ಹಿಂಬಾಲಿಸಿ, ಅವರ ತೂಕವನ್ನೂ ಕಾಯಿಲೆಗಳನ್ನೂ ಬಿಡದೆ ಬರೆದಿಟ್ಟರು. ಎದೆಹಾಲಿನ ಮೊದಲ ತಿಂಗಳುಗಳಲ್ಲಿ ತೂಕದ ಗೆರೆ ಸೊಗಸಾಗಿ ಏರುತ್ತದೆ. ಮೇಲಿನ ಆಹಾರವೂ ಕೊಳಕು ನೀರೂ ಬಾಯಿಗೆ ಬಂದೊಡನೆ ಭೇದಿ ಶುರುವಾಗುತ್ತದೆ. ಗೆರೆ ಕುಸಿಯುತ್ತದೆ, ಏಳುವ ಮೊದಲೇ ದಡಾರ, ಮತ್ತೆ ಕುಸಿತ, ಆಮೇಲೆ ಕೆಮ್ಮು, ಮತ್ತೊಮ್ಮೆ ಭೇದಿ. ಕಾಯಿಲೆ ಬಿದ್ದ ಮಗು ಉಣ್ಣುವುದಿಲ್ಲ, ಉಂಡದ್ದು ಮೈಗೆ ಹತ್ತುವುದಿಲ್ಲ. ಉಣ್ಣದ ಮಗುವಿಗೆ ಮುಂದಿನ ಕಾಯಿಲೆಯನ್ನು ಎದುರಿಸುವ ಕಸುವಿರುವುದಿಲ್ಲ. ಇಂಥ ಊರಿಗೆ ಹಿಟ್ಟಿನ ಚೀಲವನ್ನಷ್ಟೇ ಕಳುಹಿಸಿದರೆ ತೂತಿನ ಕೊಡಕ್ಕೆ ನೀರು ಸುರಿದಂತೆ.

ಮೂರನೆಯದು ತಾಯಿ. ಆಫ್ರಿಕದ ಸಹಾರಾದ ದಕ್ಷಿಣದ ದೇಶಗಳಿಗಿಂತ ದಕ್ಷಿಣ ಏಷ್ಯದ ಮಕ್ಕಳೇ ಹೆಚ್ಚು ಸೊರಗಿರುವುದೇಕೆ ಎಂಬ ಒಗಟನ್ನು 1996ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಇಬ್ಬರು ಸಂಗಡಿಗರು ಬಿಡಿಸಲು ಯತ್ನಿಸಿದರು. ಅವರ ಬೆರಳು ತೋರಿದ್ದು ಹೆಂಗಸಿನ ಸ್ಥಿತಿಯ ಕಡೆಗೆ. ತಾನೇ ಕೊನೆಗೆ ಉಂಡು ಬೆಳೆದ ಹುಡುಗಿ, ಮೈ ಬಲಿಯುವ ಮೊದಲೇ ಮದುವೆಯಾಗಿ, ಬಸುರಿನಲ್ಲಿಯೂ ವಿಶ್ರಾಂತಿಯಿಲ್ಲದೆ ದುಡಿದು, ತೂಕ ಕಡಿಮೆಯ ಮಗುವನ್ನು ಹೆರುತ್ತಾಳೆ. ಆ ಮಗುವಿನ ಪರಿಭವ ಹುಟ್ಟುವ ಮೊದಲೇ ಆರಂಭವಾಗಿರುತ್ತದೆ. ಅದು ಹೆಣ್ಣಾದರೆ, ಮುಂದಿನ ತಲೆಮಾರಿಗೂ ಅದೇ ಕಥೆ.

ಮಡಿಲಿನಿಂದ ಮಗುವನ್ನು ಇಳಿಸಲು ಮುಂದಿನ ಕೂಸೇ ಹುಟ್ಟಬೇಕೆಂದಿಲ್ಲ. ಒಂದು ಡಬ್ಬಿಯೂ ಸಾಕು. 1939ರಲ್ಲಿ ಸಿಂಗಪುರದ ಸಭೆಯೊಂದರಲ್ಲಿ ವಿಲಿಯಮ್ಸ್ ಮಾಡಿದ ಭಾಷಣಕ್ಕೆ ಹಾಲು ಮತ್ತು ಕೊಲೆ ಎಂಬ ಹೆಸರಿತ್ತು. ಎದೆಹಾಲಿರುವ ತಾಯಂದಿರಿಗೆ ಡಬ್ಬಿಹಾಲಿನ ಮೋಹ ಹಚ್ಚುವ ಪ್ರಚಾರವನ್ನು ಆಕೆ ಕೊಲೆಗೆ ಸಮಾನವೆಂದು ಖಂಡಿಸಿದರು. ಬಡವರ ಮನೆಯಲ್ಲಿ ಆ ಪುಡಿಯನ್ನು ಕದಡುವ ನೀರು ಕೊಳಕು. ದುಬಾರಿಯಾದುದರಿಂದ ಬಹಳ ದಿನ ಬರಲೆಂದು ತೆಳ್ಳಗೆ ಕದಡುತ್ತಾರೆ. ಮುಂದೆ 1942ರಿಂದ ಮೂರು ವರ್ಷಕ್ಕೂ ಮೀರಿ ಆಕೆ ಜಪಾನೀಯರ ಸೆರೆಯಲ್ಲಿದ್ದು, ಬದುಕಿ ಬಂದು, 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಕ್ಕಳ ವಿಭಾಗಕ್ಕೆ ಮೊದಲ ಮುಖ್ಯಸ್ಥೆಯಾದರು. ಡಬ್ಬಿಹಾಲಿನ ಪ್ರಚಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸಂಹಿತೆ ಬಂದದ್ದು 1981ರಲ್ಲಿ. ಭಾರತದ ಕಾನೂನು 1992ರಲ್ಲಿ. ಅದೇ 1992ರಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ, ಆಕೆ ತೀರಿಕೊಂಡರು.

1990ರಲ್ಲಿ ಯುನಿಸೆಫ್ ಸಂಸ್ಥೆ ಇವೆಲ್ಲವನ್ನೂ ಒಂದು ಚಿತ್ರದಲ್ಲಿ ಜೋಡಿಸಿತು. ಮೇಲಿನ ಪದರದಲ್ಲಿ ಸಾಲದ ಆಹಾರ ಮತ್ತು ರೋಗ. ಅದರ ಕೆಳಗೆ ಮನೆಯಲ್ಲಿ ಕಾಳಿನ ಅಭಾವ, ತಾಯಿ ಮಕ್ಕಳ ಆರೈಕೆಯ ಅಭಾವ, ನೀರು ನೈರ್ಮಲ್ಯ ಚಿಕಿತ್ಸೆಗಳ ಅಭಾವ. ಎಲ್ಲಕ್ಕೂ ಅಡಿಯಲ್ಲಿ ಭೂಮಿ, ಕೂಲಿ, ವಿದ್ಯೆ, ಅಧಿಕಾರಗಳ ಹಂಚಿಕೆ. ಆರೈಕೆ ಎಂಬ ಮಾತಿಗೆ ಆ ಚಿತ್ರದಲ್ಲಿ ಒಂದು ಸ್ಥಾನ ಸಿಕ್ಕಿದಾಗ, ಗಾ ತಾಯಂದಿರ ಪದದ ಅರ್ಥ ಕೊನೆಗೂ ಶಾಸ್ತ್ರವನ್ನು ಪ್ರವೇಶಿಸಿತೆಂದು ನಾನು ತಿಳಿದಿದ್ದೇನೆ. ರೋಗದ ಒಳಗುಟ್ಟೆಲ್ಲ ಬಯಲಾಗಿದೆಯೆಂದು ಇದರ ಅರ್ಥವಲ್ಲ. ಆಫ್ರಿಕದ ಮಲಾವಿ ದೇಶದಲ್ಲಿ ಒಂದೇ ಮನೆಯಲ್ಲಿ ಬೆಳೆದ ಅವಳಿ ಮಕ್ಕಳಲ್ಲಿ ಒಂದಕ್ಕೆ ಕ್ವಾಷಿಯೋರ್ಕರ್ ಬಂದು ಇನ್ನೊಂದು ಚೆನ್ನಾಗಿಯೇ ಉಳಿದ ಪ್ರಕರಣಗಳನ್ನು ಪರಿಶೀಲಿಸಿ, ಕರುಳಿನ ಸೂಕ್ಷ್ಮಜೀವಿಗಳಿಗೂ ಇದರಲ್ಲಿ ಪಾತ್ರವುಂಟೆಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಆದರೆ ಮಗುವನ್ನು ಉಳಿಸಲು ಏನು ಬೇಕೆಂಬುದು ತಿಳಿಯದೆ ನಾವು ಕೈಕಟ್ಟಿ ಕುಳಿತಿದ್ದೇವೆ ಎಂದು ಹೇಳುವ ಹಾಗಿಲ್ಲ.

ಇಂದಿನ ಸ್ಥಿತಿ ಏನು? ಕೈಕಾಲು ಬಾತ ಮಕ್ಕಳು ನಮ್ಮಲ್ಲಿ ಈಗ ವಿರಳವಾಗಿದ್ದಾರೆ. ಆದರೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತರಾದ ಐದು ವರ್ಷದೊಳಗಿನ ಮಕ್ಕಳು ಭಾರತದಲ್ಲಿ ಶೇಕಡ 35.5, ಕರ್ನಾಟಕದಲ್ಲಿ ಶೇಕಡ 35.4. ಮೂರರಲ್ಲಿ ಒಂದು ಮಗು ಎಂದಾಯಿತು. ಈ ಕುಂಠಿತ ಬಹುಮಟ್ಟಿಗೆ ಮೊದಲ ಎರಡು ವರ್ಷಗಳಲ್ಲೇ ಆಗಿಹೋಗುತ್ತದೆ. ಗ್ವಾಟೆಮಾಲಾದ ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಪುಷ್ಟಿಕರವಾದ ಪೇಯವನ್ನು ಎಳವೆಯಲ್ಲಿ ಕುಡಿದ ಗಂಡುಮಕ್ಕಳು, ದೊಡ್ಡವರಾದ ಮೇಲೆ ಉಳಿದವರಿಗಿಂತ ಹೆಚ್ಚು ಕೂಲಿ ಗಳಿಸುತ್ತಿದ್ದರೆಂದು 2008ರಲ್ಲಿ ಲೆಕ್ಕ ಹಾಕಿದ್ದಾರೆ. ಆ ಎರಡು ವರ್ಷಗಳು ಕೈತಪ್ಪಿದರೆ, ಆಮೇಲೆ ಬಡಿಸುವ ಊಟ ಹಸಿವನ್ನು ತಣಿಸೀತು. ಕಳೆದದ್ದನ್ನು ಪೂರಾ ಮರಳಿಸದು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಅಂಗನವಾಡಿ ಇಂದು ಊರೂರಿನಲ್ಲಿದೆ. ಆದರೂ ಅಲ್ಲಿ ಬಂದು ಕೂರುವುದು ಮೂರು ತುಂಬಿದ ಮಗು. ಅದಕ್ಕಿಂತ ಕಿರಿಯದರ ಪಾಲು ಪೊಟ್ಟಣದಲ್ಲಿ ಮನೆಗೆ ಹೋಗುತ್ತದೆ. ಬಡ ಮನೆಯಲ್ಲಿ ಪೊಟ್ಟಣವೊಂದು ಒಬ್ಬರದಾಗಿ ಉಳಿಯುವುದು ಕಷ್ಟ. ಬೇಲಿ ಒಂದಿಷ್ಟು ಹಿಂದೆ ಸರಿದಿದೆ, ಪೂರಾ ಬಿದ್ದಿಲ್ಲ. ಬಸುರಿ ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ನಮ್ಮ ರಾಜ್ಯದಲ್ಲಿ ಬಂದದ್ದು ಸರಿಯಾದ ದಾರಿಯೇ. 2023ರಲ್ಲಿ, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ನೋಡಿಕೊಳ್ಳಲು ಗ್ರಾಮ ಪಂಚಾಯತಿಗಳಲ್ಲಿ ಕೇಂದ್ರಗಳನ್ನು ತೆರೆಯಲು ಸರ್ಕಾರ ಮುಂದಾಯಿತು. ಅವುಗಳಿಗೆ ಇಟ್ಟ ಹೆಸರು ಕೂಸಿನ ಮನೆ.

ಒಂದು ಪದದಿಂದ ಆರಂಭಿಸಿದ ಮಾತನ್ನು ಈ ಪದದೊಂದಿಗೆ ಮುಗಿಸುತ್ತೇನೆ. ಹೆಸರು ಒಳ್ಳೆಯದಿದೆ. ಆ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕೂಸಿನ ಬಾಯಿಗೆ ತುತ್ತಿಡುವ ಕೈ ಇದೆಯೇ, ಆ ಕೈಗೆ ತಕ್ಕ ಸಂಬಳವಿದೆಯೇ, ಕುಡಿಯುವ ನೀರು ಶುದ್ಧವಾಗಿದೆಯೇ ಎಂದು ಆಯಾ ಊರಿನವರು ಹೋಗಿ ನೋಡಬೇಕು. ನಮ್ಮ ಕೇರಿಯ ಆ ಹುಡುಗಿಯ ಕಾಲದಲ್ಲಿ ಇಂಥದೊಂದು ಮನೆ ಇದ್ದಿದ್ದರೆ, ಅವಳ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ ಇರುತ್ತಿತ್ತು. ಅವಳ ತಮ್ಮನದೂ ನಾಲ್ಕು ವರ್ಷಗಳ ತರುವಾಯ ಸೇರುತ್ತಿತ್ತು.

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)